ಸುಟ್ಟ ಮಣ್ಣಿನ ಉಸಿರು: ಜಾಡಿ, ಸೋಡಾ ಮತ್ತು ಬೂದಿಯ ಕಾಟ

ಮಣ್ಣಿನ ಜೀವಿಗಳು ಬಿಡುವ ಇಂಗಾಲದ ಡೈಆಕ್ಸೈಡೇ ಮಣ್ಣಿನ ಉಸಿರು; ಮುಚ್ಚಿದ ಜಾಡಿಯಲ್ಲಿ ಮಣ್ಣಿನ ಪಕ್ಕ ಇಟ್ಟ ಕಾಸ್ಟಿಕ್ ಸೋಡಾ ಅದನ್ನು ಹೀರಿಕೊಳ್ಳುತ್ತದೆ, ಎಷ್ಟು ಹೀರಿತು ಅನ್ನುವುದೇ ಲೆಕ್ಕ. ಆದರೆ ಸುಟ್ಟ ಮಣ್ಣಿನ ಉಸಿರನ್ನು ಹೀಗೆ ಅಳೆಯಲು ಆಗುವುದಿಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಬೂದಿ ಇರುವ ಕಡೆ ಆ ಲೆಕ್ಕ ನಂಬಬೇಡಿ, ಡಿಎನ್‌ಎ ಓದಿಸಿ, ಇಲ್ಲದಿದ್ದರೆ ಸುಮ್ನೆ ಬಿಟ್ಟುಬಿಡಿ ಅಂದರು. ಅವರ ಮಾತು ಅರ್ಧ ಸರಿ ಇತ್ತು. ಉಳಿದರ್ಧ ಸರಿ ಇಲ್ಲ ಅಂತ ತೋರಿಸುವ ಹೊತ್ತಿಗೆ ಕೆಲವು ವರ್ಷ ಕಳೆದವು, ಕೈಯಲ್ಲಿದ್ದ ದುಡ್ಡೂ ಖಾಲಿಯಾಯಿತು. ಈಗ ಲೆಕ್ಕ ಕೂಡಿಬರುತ್ತಿದೆ, ಹಾಗಾಗಿ ಬರೆಯುತ್ತಿದ್ದೇನೆ. ಟೈಟ್ರೇಶನ್ (ಆಸಿಡ್ ಹನಿಸಿ ಉಳಿದ ಸೋಡಾ ಅಳೆಯುವುದು) ಹೇಗೆ ಮಾಡುವುದು, ಬೇರಿಯಂ ಕ್ಲೋರೈಡ್ ಯಾಕೆ ಹಾಕುವುದು ಅನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಈ ಕೆಲಸ ಮಾಡುವವರಿಗೆ ಅದು ಗೊತ್ತೇ ಇದೆ.

ಕೆಲಸ ನಡೆದದ್ದು ಕುಮರಿ ನೆಲದಲ್ಲಿ. ಗಿಡ ಕಡಿದು, ಒಣಗಲು ಬಿಟ್ಟು, ಸುಟ್ಟು, ಆಮೇಲೆ ಬಿತ್ತುವ ನೆಲ. ಬೆಂಕಿ ಮಣ್ಣಿನೊಳಗಿನ ಸೂಕ್ಷ್ಮಜೀವಿಗಳನ್ನು ಎಷ್ಟು ಕೊಲ್ಲುತ್ತದೆ, ಅವು ಎಷ್ಟು ಬೇಗ ವಾಪಸ್ ಬರುತ್ತವೆ ಅನ್ನುವುದು ಪ್ರಶ್ನೆ. ಈ ವಿಷಯದಲ್ಲಿ ಎರಡು ಗುಂಪುಗಳಿವೆ. ಒಂದು ಗುಂಪಿಗೆ ಬೆಂಕಿ ಅಂದರೆ ಸರ್ವನಾಶ. ಇನ್ನೊಂದಕ್ಕೆ ಬೂದಿ ಅಂದರೆ ಅಮೃತ. ಇಬ್ಬರೂ ಬೇರೆ ಬೇರೆ ಆಳದ ಮಣ್ಣನ್ನು ಬೇರೆ ಬೇರೆ ತಿಂಗಳಲ್ಲಿ ತೆಗೆದು ಜಗಳ ಆಡುತ್ತಿದ್ದಾರೆ, ಅಷ್ಟೇ.

ಮೊದಲ ಸುತ್ತಿನಲ್ಲಿ ಎಲ್ಲರಂತೆ ನಾನೂ 15 ಸೆಂ.ಮೀ. ಕೊಳವೆ ಹೊಡೆದು, ನಾಲ್ಕಾರು ಕಡೆಯ ಮಣ್ಣು ಕಲಸಿ, ಒಂದು ಚೀಲ ಮಾಡಿ ತಂದೆ. ಸುಟ್ಟ ನೆಲ, ಸುಡದ ನೆಲ, ಎರಡರದ್ದೂ ಹೆಚ್ಚುಕಡಿಮೆ ಒಂದೇ ಉಸಿರು. ಬೆಂಕಿಯಿಂದ ಏನೂ ಆಗಿಲ್ಲ ಅಂತ ಬರೆದುಬಿಡಬಹುದಿತ್ತು. ಆದರೆ ಮಣ್ಣು ಶಾಖವನ್ನು ಸುಲಭಕ್ಕೆ ಕೆಳಗೆ ಬಿಡುವುದಿಲ್ಲ ಅಲ್ವಾ. ಮೇಲೆ ಎಷ್ಟೇ ಉರಿ ಇರಲಿ, ಹೆಚ್ಚಿನ ಕಡೆ ಸಾವು ಆಗುವುದು ಮೇಲಿನ ಒಂದೆರಡು ಬೆರಳು ದಪ್ಪದಲ್ಲಿ. ಸತ್ತ 2 ಸೆಂ.ಮೀ. ಮಣ್ಣನ್ನು ಬದುಕಿರುವ 13 ಸೆಂ.ಮೀ. ಜೊತೆ ಕಲಸಿದರೆ ಸಾವು ಎಲ್ಲಿ ಕಾಣಬೇಕು? ಅದರ ಮೇಲೆ ಕೊಳವೆ ಇಳಿಯುವಾಗ ಮೇಲಿನ ಬೂದಿಯನ್ನು ಗೋಡೆಗೆ ಸವರಿಕೊಂಡು ತಳದವರೆಗೂ ಎಳೆದುಕೊಂಡು ಹೋಗುತ್ತದೆ. ಆ ಬೂದಿಯ ಗೆರೆಯಿಂದ ಕೆಳಗಿನ ಮಣ್ಣಿನ ಪಿಎಚ್ ಕೂಡ ಸುಳ್ಳು ಹೇಳಿತು.

ಕೊಳವೆ ಬಿಟ್ಟೆ. ಪಕ್ಕದಲ್ಲಿ ಸಣ್ಣ ಗುಂಡಿ ತೆಗೆದು, ಗುಂಡಿಯ ಗೋಡೆ ನೇರ ಮಾಡಿಕೊಂಡು, ಪಕ್ಕದಿಂದ ತೆಳು ತಗಡು ತೂರಿಸಿ ಪದರ ಪದರವಾಗಿ ಎತ್ತಲು ಶುರು ಮಾಡಿದೆ. ಮೊದಲು ಬೂದಿಯನ್ನು ಬ್ರಷ್‌ನಿಂದ ಗುಡಿಸಿ ಬೇರೆ ಡಬ್ಬಕ್ಕೆ. ಆಮೇಲೆ 0–1, 1–3, 3–6, 6–10 ಸೆಂ.ಮೀ. ಪ್ರತಿ ಪದರಕ್ಕೂ ತಗಡನ್ನು ಸ್ಪಿರಿಟ್ ಹಚ್ಚಿ ಸುಟ್ಟುಕೊಳ್ಳಬೇಕು, ಬೇಜಾರಾಗುತ್ತದೆ, ಆದರೂ ಬೇಕು. ಸುಟ್ಟ ಮೇಲಿನ ಮಣ್ಣು ಪುಡಿ ಪುಡಿಯಾಗಿ ಉದುರುತ್ತದೆ, 1 ಸೆಂ.ಮೀ. ಪದರ ನಿಲ್ಲುವುದೇ ಇಲ್ಲ. ನೀರು ಚಿಮುಕಿಸುವಂತಿಲ್ಲ, ನೀರು ಬಿದ್ದ ಕೂಡಲೇ ಜೀವಿಗಳು ಎದ್ದುಬಿಡುತ್ತವೆ, ಬೂದಿಯೂ ಕೆಳಗೆ ಇಳಿಯುತ್ತದೆ. ನಾನು ಅದನ್ನು ನೀರಿಲ್ಲದೆ ನಿಲ್ಲಿಸುವ ಒಂದು ದಾರಿ ಕಂಡುಕೊಂಡೆ. ಅದನ್ನು ಇಲ್ಲಿ ಹೇಳುವುದಿಲ್ಲ, ಕಷ್ಟಪಟ್ಟು ಹುಡುಕಿದ್ದು. ಬೆಳಿಗ್ಗೆ ಬೇಗ ಹೋದರೆ ಕೆಲಸ ಸಲೀಸು ಅಂತ ಮಾತ್ರ ಹೇಳುತ್ತೇನೆ.

ಒಬ್ಬ ಮನುಷ್ಯ ಒಂದು ದಿನಕ್ಕೆ ಕೊಳವೆಯಲ್ಲಿ ತೆಗೆಯುವ ಮಾದರಿಯ ಕಾಲು ಭಾಗವೂ ಈ ತಗಡಿನಲ್ಲಿ ಆಗುವುದಿಲ್ಲ. ಕೂಲಿ ಖರ್ಚು ಏರಿತು. ಇದನ್ನು ಕೇಳಿಯೇ ಅರ್ಧ ಜನ ಹಿಂದೆ ಸರಿಯುತ್ತಾರೆ.

ಶಾಖದ ವಿಷಯಕ್ಕೆ ಬರುತ್ತೇನೆ. ಯಾವ ಜಾಗ ಎಷ್ಟು ಕಾದಿತ್ತು ಅಂತ ಗೊತ್ತಿಲ್ಲದೆ ಮಣ್ಣು ತೆಗೆದು ಏನೂ ಪ್ರಯೋಜನವಿಲ್ಲ. ಶಾಖ ಅಳೆಯುವ ಥರ್ಮೋಕಪಲ್ ತಂತಿ ಹೂತು, ಅದರ ಅಂಕಿ ದಾಖಲಿಸುವ ಲಾಗರ್ ಇಟ್ಟೆ. ಮೊದಲ ಸುಡುವಿಕೆಯಲ್ಲೇ ಒಂದು ಉರಿಯುವ ದಿಮ್ಮಿ ಉರುಳಿ ಲಾಗರ್ ಪೆಟ್ಟಿಗೆ ಮೇಲೆ ಕೂತಿತು, ಕೇಬಲ್ ಹೊದಿಕೆ ಕರಗಿ ಹೋಯಿತು. ಆ ವರ್ಷದ ಉಪಕರಣದ ದುಡ್ಡಿನಲ್ಲಿ ಹತ್ತಿರ ಹತ್ತಿರ ಅರ್ಧ ಅಲ್ಲೇ ಬೂದಿ. ಇನ್ನೊಂದು ಕೊಳ್ಳುವ ಶಕ್ತಿ ಇರಲಿಲ್ಲ. ಆಗ ಕರಗುವ ವಸ್ತುಗಳ ದಾರಿ ಹಿಡಿದೆ. ಪ್ಯಾರಾಫಿನ್ ಮೇಣ ಸುಮಾರು 60 ಡಿಗ್ರಿಗೆ ಕರಗುತ್ತದೆ. ತವರ-ಸೀಸದ ಬೆಸುಗೆ ತಂತಿ 183, ಶುದ್ಧ ತವರ 232, ಸತು 420ರ ಹತ್ತಿರ, ಅಲ್ಯೂಮಿನಿಯಂ 660. ಒಂದೊಂದು ಚೂರನ್ನು ಸಣ್ಣ ಗಾಜಿನ ನಳಿಗೆಯಲ್ಲಿ ಹಾಕಿ, ನಳಿಗೆಗೆ ಉಕ್ಕಿನ ತಂತಿ ಕಟ್ಟಿ, ಬೇರೆ ಬೇರೆ ಆಳದಲ್ಲಿ ಇಟ್ಟೆ. ಬೆಂಕಿ ಆರಿದ ಮೇಲೆ ಎತ್ತಿ ನೋಡುವುದು, ಯಾವುದು ಕರಗಿ ಗುಂಡಾಗಿದೆ ಅಂತ. ಎಷ್ಟು ಹೊತ್ತು ಕಾದಿತ್ತು ಅಂತ ಇದರಿಂದ ತಿಳಿಯುವುದಿಲ್ಲ, ಗರಿಷ್ಠ ಎಷ್ಟು ಅಂತ ಮಾತ್ರ ತಿಳಿಯುತ್ತದೆ. ಆದರೆ ನೂರು ಕಡೆ ಇಡಬಹುದು, ಒಂದು ಲಾಗರ್ ಬೆಲೆಯ ಒಂದು ಚೂರು ಕೂಡ ಖರ್ಚಾಗುವುದಿಲ್ಲ. ನ್ಯಾಫ್ತಲೀನ್ ಗುಳಿಗೆ 80 ಡಿಗ್ರಿಗೆ ಕರಗುತ್ತದೆ, ಅದನ್ನೂ ಇಟ್ಟಿದ್ದೆ. ಅದರ ಹಬೆ ಮಣ್ಣಿನ ಹುಳುಗಳಿಗೇ ತೊಂದರೆ ಕೊಡುತ್ತದೆ, ತೆಗೆದುಬಿಟ್ಟೆ.

ಕಂಡದ್ದು ಇಷ್ಟು. ಸಣ್ಣ ಕೊಂಬೆ, ಎಲೆ ಮಾತ್ರ ಸುಟ್ಟ ಕಡೆ ನೆಲದ ಮೇಲೆ ಬೆಸುಗೆ ತಂತಿ, ತವರ ಕರಗಿತ್ತು, ಸತು ಅಲ್ಲಲ್ಲಿ ಉಳಿದಿತ್ತು. 5 ಸೆಂ.ಮೀ. ಕೆಳಗೆ ಮೇಣ ಕೂಡ ಹಾಗೇ ಇತ್ತು. ದಿಮ್ಮಿ ರಾಶಿ ಹಾಕಿ ರಾತ್ರಿಯೆಲ್ಲ ಕೆಂಡವಾಗಿದ್ದ ಕಡೆ ಮೇಲೆ ಅಲ್ಯೂಮಿನಿಯಂ ಗುಂಡಾಗಿತ್ತು, 10 ಸೆಂ.ಮೀ. ಆಳದಲ್ಲೂ ಮೇಣ ನೀರಾಗಿತ್ತು. ಈ ಎರಡು ಜಾಗಗಳ ಮಧ್ಯೆ ಎರಡು ಹೆಜ್ಜೆ ಅಂತರ! ಇವೆರಡನ್ನೂ ಒಂದೇ ಚೀಲಕ್ಕೆ ಹಾಕಿ "ಸುಟ್ಟ ಮಣ್ಣು" ಅಂತ ಚೀಟಿ ಅಂಟಿಸಿದರೆ ಆ ಚೀಲಕ್ಕೆ ಅರ್ಥವೇ ಇಲ್ಲ. ಜಾಂಬಿಯಾದ ಚಿತೆಮೆನೆ ಪದ್ಧತಿಯಲ್ಲಿ ದೊಡ್ಡ ಜಾಗದ ಕೊಂಬೆಗಳನ್ನು ತಂದು ಸಣ್ಣ ಜಾಗದಲ್ಲಿ ರಾಶಿ ಹಾಕಿ ಸುಡುತ್ತಾರೆ. ಅಂಥ ಕಡೆಯ ಅಂಕಿಯನ್ನು ಹರಡಿ ಸುಡುವ ನೆಲದ ಅಂಕಿಯ ಪಕ್ಕ ಇಟ್ಟು ಹೋಲಿಸುವವರನ್ನು ನೋಡಿದರೆ ನನಗೆ ತಲೆನೋವು ಬರುತ್ತದೆ.

ಮಣ್ಣಿನ ತೇವ ಇನ್ನೊಂದು ತಕರಾರು. ಹಸಿ ಮಣ್ಣು ನೀರು ಆವಿಯಾಗಿ ಮುಗಿಯುವವರೆಗೆ 100 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ, ಹಾಗಾಗಿ ತೇವ ಇದ್ದಾಗ ಸುಟ್ಟರೆ ಜೀವಿಗಳಿಗೆ ಒಳ್ಳೆಯದು ಅಂತ ಹೇಳುವವರಿದ್ದಾರೆ. ಒಣ ಶಾಖಕ್ಕಿಂತ ಹಬೆಯ ಶಾಖ ಕಡಿಮೆ ಡಿಗ್ರಿಯಲ್ಲೇ ಕೊಲ್ಲುತ್ತದೆ ಅನ್ನುವುದನ್ನು ಅವರು ಮರೆಯುತ್ತಾರೆ. ಬಹುಪಾಲು ಶಿಲೀಂಧ್ರಗಳು 60ರಿಂದ 80ರೊಳಗೆ ಹಸಿ ಶಾಖಕ್ಕೆ ಸಾಯುತ್ತವೆ. ಬ್ಯಾಕ್ಟೀರಿಯಾ ಸ್ವಲ್ಪ ತಾಳುತ್ತವೆ, ಬ್ಯಾಸಿಲಸ್‌ನಂಥವು ಬೀಜಕ ಮಾಡಿಕೊಂಡು ಕುದಿಯುವ ನೀರನ್ನೂ ದಾಟುತ್ತವೆ. ನನ್ನ ಪ್ಲಾಟುಗಳಲ್ಲಿ ತೇವ ಇದ್ದಾಗ ಸುಟ್ಟದ್ದಕ್ಕೆ ಆಳ ಕಡಿಮೆ, ಆದರೆ ಮೇಲಿನ ಪದರದ ಸಾವು ಪೂರ್ತಿ. ಒಣಗಿದ್ದಾಗ ಸುಟ್ಟದ್ದರಲ್ಲಿ ಮೇಲೂ ಅಲ್ಲಲ್ಲಿ ಜೀವ ಉಳಿದಿತ್ತು.

ಈಗ ಮುಖ್ಯ ವಿಷಯ, ಬೂದಿ. 1 ಲೀಟರ್ ಜಾಡಿಗಳಲ್ಲಿ ಸುಮಾರು 50 ಗ್ರಾಂ ಮಣ್ಣು, ನೀರು ಹಿಡಿಯುವ ಶಕ್ತಿಯ 60 ಶೇಕಡಾದಷ್ಟು ತೇವ, ಪುಟ್ಟ ಬಟ್ಟಲಲ್ಲಿ ಸೋಡಾ. ಆಮೇಲೆ ಟೈಟ್ರೇಟ್ ಮಾಡಿದರೆ ಮೇಲಿನ 0–1 ಪದರದ ಜಾಡಿಗಳಲ್ಲಿ ಖಾಲಿ ಜಾಡಿಗಿಂತ ಕಡಿಮೆ ಇಂಗಾಲದ ಡೈಆಕ್ಸೈಡ್! ಮಣ್ಣು ಉಸಿರು ಬಿಡುವ ಬದಲು ಒಳಗೆ ಎಳೆದುಕೊಂಡಂತೆ. ಒಂದು ಸಭೆಯಲ್ಲಿ ಇದನ್ನು ತೋರಿಸಿದಾಗ ಹಿರಿಯರೊಬ್ಬರು "ನಿಮ್ಮ ಮಣ್ಣು ಗಿಡವಾಗಿದೆಯೇನಪ್ಪಾ" ಅಂದರು, ಎಲ್ಲರೂ ನಕ್ಕರು. ನಗಲಿ. ಹೊಸ ಬೂದಿಯಲ್ಲಿ ಕ್ಯಾಲ್ಸಿಯಂ ಆಕ್ಸೈಡ್ ಇರುತ್ತದೆ, ನೀರು ಬಿದ್ದರೆ ಸುಣ್ಣದ ನೀರಿನಂತೆ ಆಗುತ್ತದೆ, ಅದು ಗಾಳಿಯ ಡೈಆಕ್ಸೈಡನ್ನು ಹೀರಿ ಕಾರ್ಬೋನೇಟ್ ಆಗುತ್ತದೆ. ನನ್ನ ಬಟ್ಟಲಿನ ಸೋಡಾದ ಜೊತೆ ಬೂದಿಯೂ ಪೈಪೋಟಿಗೆ ನಿಂತಿತ್ತು, ಬೂದಿಯೇ ಗೆಲ್ಲುತ್ತಿತ್ತು.

ಇದು ಇಷ್ಟಕ್ಕೇ ಮುಗಿದಿದ್ದರೆ ಸುಲಭವಿತ್ತು. ಮಳೆ ಬಿದ್ದು ಕೆಲವು ವಾರ ಕಳೆದ ಮೇಲೆ ತಂದ ಮಣ್ಣು ಉಲ್ಟಾ ಹೊಡೆಯಿತು. ಅಷ್ಟು ಹೊತ್ತಿಗೆ ಬೂದಿ ಕಾರ್ಬೋನೇಟ್ ಆಗಿರುತ್ತದೆ. ನಾನು ಜರಡಿ ಹಿಡಿದು ಕಲಸಿದಾಗ ಅದು ಹುಳಿ ಮಣ್ಣಿಗೆ ತಾಗಿ ಡೈಆಕ್ಸೈಡ್ ಬಿಡುತ್ತದೆ. ಜೀವಿಗಳೇ ಇಲ್ಲದಿದ್ದರೂ ಉಸಿರು ಜೋರು. ಒಂದೇ ಬೂದಿ, ಮೊದಲ ವಾರ ಕಡಿಮೆ ತೋರಿಸುತ್ತದೆ, ಆಮೇಲೆ ಜಾಸ್ತಿ ತೋರಿಸುತ್ತದೆ. ಬೆಂಕಿ ಆದ ಕೂಡಲೇ ಜೀವ ಸತ್ತಿತು, ಮಳೆ ಬಿದ್ದ ಕೂಡಲೇ ಚಿಗುರಿತು ಅಂತ ಚೆಂದದ ಗ್ರಾಫ್ ಬರುತ್ತದೆ, ಅದರಲ್ಲಿ ಅರ್ಧ ಬರೀ ಸುಣ್ಣದ ಆಟ. ಅನುಮಾನಪಟ್ಟವರು ಸರಿಯಾಗಿ ಹಿಡಿದದ್ದು ಇದನ್ನೇ.

ಉಪಾಯ ಏನು ಅಂದರೆ ಬೂದಿಗೇ ಒಂದು ಬ್ಲಾಂಕ್, ಅಂದರೆ ಜೀವ ಇಲ್ಲದ ಹೋಲಿಕೆಯ ಜಾಡಿ, ಇಡಬೇಕು. ಖಾಲಿ ಜಾಡಿ ಸಾಲದು. ಸುಡದ ನೆಲದ ಅದೇ ಪದರದ ಮಣ್ಣನ್ನು ಕೊಂದು, ಅದಕ್ಕೆ ಅದೇ ಪ್ಲಾಟಿನ ಬೂದಿಯನ್ನು ಅದೇ ಪ್ರಮಾಣದಲ್ಲಿ ಬೆರೆಸಿ, ಅದೇ ತೇವದಲ್ಲಿ ಪಕ್ಕದಲ್ಲೇ ಇಡುವುದು. ಅದು ತೋರಿಸಿದ್ದನ್ನು ಕಳೆದರೆ ಉಳಿಯುವುದು ಜೀವಿಗಳ ಉಸಿರು. ಕೇಳಲು ಸುಲಭ. ಮಾಡಲು ಹೊರಟರೆ ಒಂದೊಂದೂ ಕೈಕೊಡುತ್ತದೆ. ಮಣ್ಣನ್ನು 121 ಡಿಗ್ರಿಯಲ್ಲಿ ಒಂದು ಸಲ ಆಟೋಕ್ಲೇವ್ ಮಾಡಿದರೆ (ಒತ್ತಡದ ಹಬೆಯಲ್ಲಿ ಬೇಯಿಸಿದರೆ) ಬೀಜಕಗಳು ಉಳಿಯುತ್ತವೆ, ಎರಡು ಮೂರು ದಿನಕ್ಕೆ ನನ್ನ "ಸತ್ತ" ಬ್ಲಾಂಕ್ ಬದುಕಿರುವ ಮಣ್ಣಿಗಿಂತ ಜೋರಾಗಿ ಉಸಿರಾಡಲು ಶುರು ಮಾಡಿತು. ಸತ್ತ ಜೀವಿಗಳೆಲ್ಲ ಅವಕ್ಕೆ ಆಹಾರ. ಈಗ ಒಂದು ದಿನ ಬಿಟ್ಟು ಎರಡು ಮೂರು ಸಲ ಮಾಡುತ್ತೇನೆ, ನಡುವೆ ಬೆಚ್ಚಗೆ ಇಟ್ಟು ಬೀಜಕ ಮೊಳೆಯಲು ಬಿಡುತ್ತೇನೆ. ಬೂದಿಯನ್ನು ಮಣ್ಣಿನ ಜೊತೆ ಸೇರಿಸಿ ಆಟೋಕ್ಲೇವ್ ಮಾಡಬಾರದು, ಹಬೆ ತಾಗಿದ ಬೂದಿ ಬೇರೆಯೇ ವಸ್ತು. ಬೂದಿಯನ್ನು ಬಿಸಿ ಇರುವಾಗಲೇ ತಗಡಿನ ಡಬ್ಬಕ್ಕೆ ತುಂಬಿ ಮುಚ್ಚಳಕ್ಕೆ ಮೇಣ ಹಾಕಿ ತರಬೇಕು. ಹಳೆ ಮಣ್ಣಿನ ಬ್ಲಾಂಕಿಗೆ ಅದೇ ವಯಸ್ಸಿನ, ಹೊರಗೆ ಮಳೆಗೆ ನೆಂದ ಬೂದಿ ಬೇಕು. ಅದಕ್ಕೆ ತಂತಿ ಬಲೆಯ ಮೇಲೆ ಬೂದಿ ಹರಡಿ ಪ್ಲಾಟಿನಲ್ಲೇ ಬಿಟ್ಟಿದ್ದೆ, ಗಾಳಿಗೆ ಅರ್ಧ ಹಾರಿ ಹೋಯಿತು. ಆಮೇಲೆ ಎರಡು ಬಲೆ ಮಧ್ಯೆ ಇಟ್ಟೆ.

ಮಣ್ಣಿನ ಪದರದಲ್ಲಿ ಬೂದಿ ಎಷ್ಟು ಪ್ರಮಾಣದಲ್ಲಿ ಬೆರೆತಿದೆ ಅಂತ ಹಿಡಿಯುವುದು ಎಲ್ಲಕ್ಕಿಂತ ಕಷ್ಟ. ಅದಕ್ಕೊಂದು ಅಡ್ಡದಾರಿ ನನ್ನ ಹತ್ತಿರ ಇದೆ, ಸದ್ಯಕ್ಕೆ ನನ್ನಲ್ಲೇ ಇರಲಿ. ಪಿಎಚ್ ಮೀಟರ್ ಮತ್ತು ಒಂದು ಸಂಜೆಯ ತಾಳ್ಮೆ ಇದ್ದರೆ ನೀವೂ ಕಂಡುಕೊಳ್ಳುತ್ತೀರಿ.

ದುಡ್ಡಿನ ಲೆಕ್ಕದಲ್ಲಿ ಸೋಡಾ, ಆಸಿಡ್, ಫಿನಾಲ್ಫ್ತಲೀನ್ ಎಲ್ಲ ಚಿಲ್ಲರೆ. ಜಾಡಿಯ ಮುಚ್ಚಳ ಮಾತ್ರ ಜೇಬು ಕತ್ತರಿಸಿತು. ಅಗ್ಗದ ಮುಚ್ಚಳಗಳು ಸೋರುತ್ತವೆ. ಸೋರಿದರೆ ಹೊರಗಿನ ಗಾಳಿ ಒಳಗೆ ಬಂದು ಸೋಡಾ ಸುಮ್ಮಸುಮ್ಮನೆ ತಿಂದುಬಿಡುತ್ತದೆ, ಖಾಲಿ ಜಾಡಿಗಳ ಅಂಕಿಯೇ ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದು ಇಡೀ ಸುತ್ತನ್ನು ಇದರಿಂದ ಎಸೆದೆ. ಈಗ ಪ್ರತಿ ಹೊಸ ಜಾಡಿಯನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡಿದ ಮೇಲೆಯೇ ಕೆಲಸಕ್ಕೆ ಇಳಿಸುತ್ತೇನೆ. ಮೂರರಲ್ಲಿ ಒಂದು ಫೇಲ್.

ಉಸಿರು ಜಾಸ್ತಿ ಇದ್ದರೆ ಜೀವ ಜಾಸ್ತಿ ಅಂತ ಓದುವುದೂ ತಪ್ಪು. ಸಂತೆಯಲ್ಲಿ ಗದ್ದಲ ಜಾಸ್ತಿ ಇದ್ದರೆ ಜನ ಜಾಸ್ತಿ ಅಂತಲ್ಲ, ವ್ಯಾಪಾರ ಜೋರು ಅಂತಲೂ ಇರಬಹುದು. ಬೆಂಕಿಗೆ ಸತ್ತ ಜೀವಿಗಳು, ಬೇರು, ಹುಳು ಎಲ್ಲ ಉಳಿದವಕ್ಕೆ ಹಬ್ಬ. ಒಣಗಿದ ಮಣ್ಣಿಗೆ ನೀರು ತಾಗಿದರೆ ಬರುವ ಮೊದಲ ಎರಡು ಮೂರು ದಿನದ ಉಬ್ಬರ ಬೇರೆ. ಹಾಗಾಗಿ ಪಕ್ಕದಲ್ಲಿ ಗ್ಲೂಕೋಸ್ ಹಾಕಿದ ಜಾಡಿ ಇಟ್ಟು ಮೊದಲ ನಾಲ್ಕಾರು ಗಂಟೆಯ ಉಸಿರನ್ನು ಬೇರೆ ಅಳೆಯುತ್ತೇನೆ. ಹೊಟ್ಟೆ ತುಂಬ ಆಹಾರ ಸಿಕ್ಕಾಗ, ಸಂಖ್ಯೆ ಹೆಚ್ಚುವ ಮೊದಲು, ಬರುವ ಉಸಿರು ಎಷ್ಟು ಜೀವ ಇದೆ ಅನ್ನುವುದನ್ನು ತೋರಿಸುತ್ತದೆ. ಆಂಡರ್ಸನ್ ಮತ್ತು ಡೊಮ್ಶ್ ಅನ್ನುವ ಸಂಶೋಧಕರು 1978ರಲ್ಲಿ ಕೊಟ್ಟ ದಾರಿ, ಹೊಸದೇನಲ್ಲ. ಅಷ್ಟು ಕಡಿಮೆ ಹೊತ್ತಿನಲ್ಲಿ ಬರುವ ಡೈಆಕ್ಸೈಡ್ ಸೋಡಾಕ್ಕೆ ಕಾಣುವುದಿಲ್ಲ, ಗ್ಯಾಸ್ ಅನಲೈಸರ್ ಬೇಕೇ ಬೇಕು ಅಂತ ಇಲ್ಲೂ ಹೆದರಿಸಿದರು. ಸೋಡಾವನ್ನು 0.1 ನಾರ್ಮಲ್‌ಗೆ ಇಳಿಸಿ, ಮಣ್ಣನ್ನು ಎರಡು ಪಟ್ಟು ಮಾಡಿದೆ. ಅಂಥ ಸೋಡಾ 1 ಮಿ.ಲೀ.ಗೆ 2.2 ಮಿ.ಗ್ರಾಂ ಡೈಆಕ್ಸೈಡ್ ಲೆಕ್ಕ, ಆಸಿಡ್ ಹನಿಸುವ ಸಣ್ಣ ಬ್ಯುರೆಟ್ ಇದ್ದರೆ ಧಾರಾಳವಾಗಿ ಸಿಗುತ್ತದೆ. ಬ್ಯುರೆಟ್ ನನ್ನದಲ್ಲ, ಬೇರೆಯವರದ್ದು, ಇನ್ನೂ ವಾಪಸ್ ಕೊಟ್ಟಿಲ್ಲ.

ಬೇರೆ ವಿಧಾನ ಪ್ರಯತ್ನಿಸಲಿಲ್ಲವೇ ಅಂತ ಕೇಳುತ್ತೀರಿ. ಮಾಡಿದೆ, ಅದಕ್ಕೇ ದುಡ್ಡು ಹೋದದ್ದು. ಕ್ಲೋರೋಫಾರ್ಮ್ ಹೊಗೆ ಕೊಟ್ಟು ಜೀವಿಗಳನ್ನು ಒಡೆದು, ಹೊರಬಂದದ್ದರಿಂದ ಪೊಟ್ಯಾಸಿಯಂ ಸಲ್ಫೇಟ್‌ನಲ್ಲಿ ಇಂಗಾಲ ತೆಗೆಯುವುದನ್ನು ಮಾಡಿದರೆ ಸುಟ್ಟ ಮಣ್ಣಿನಲ್ಲಿ ಜೀವರಾಶಿ ತೀರಾ ಕಡಿಮೆ ಬಂತು. ಸಂತೋಷಪಡುವ ಮೊದಲು ಗೊತ್ತಿರುವ ಪ್ರಮಾಣದ ಕರಗಿದ ಇಂಗಾಲವನ್ನು ಮಣ್ಣಿಗೆ ಹಾಕಿ ತೆಗೆದು ನೋಡಿದೆ. ಇದ್ದಿಲು ಇದ್ದ ಮಣ್ಣಿನಲ್ಲಿ ಹಾಕಿದ್ದೆಲ್ಲ ವಾಪಸ್ ಬರಲೇ ಇಲ್ಲ, ಇದ್ದಿಲು ಹಿಡಿದಿಟ್ಟುಕೊಂಡಿತ್ತು. ಇದ್ದಿಲಿನ ಕೆಲಸವೇ ಅದು. ಆ ವಿಧಾನ ಬಿಟ್ಟೆ. ಉಳಿದ ಕ್ಲೋರೋಫಾರ್ಮ್ ಬಾಟಲಿ ಇನ್ನೂ ಬೀರುವಿನಲ್ಲಿದೆ.

ಡಿಎನ್‌ಎ ಕೂಡ ಒಂದು ಬ್ಯಾಚ್ ಓದಿಸಿದೆ. ಆ ಒಂದು ಬ್ಯಾಚಿನ ದುಡ್ಡಿನಲ್ಲಿ ನನ್ನ ಜಾಡಿ ಕೆಲಸ ವರ್ಷಗಟ್ಟಲೆ ನಡೆಯುತ್ತಿತ್ತು. ಮೇಲಿನ ಪದರದ ಮಾದರಿಗಳಲ್ಲಿ ಅರ್ಧದಷ್ಟಕ್ಕೆ ಪಿಸಿಆರ್ (ಓದುವ ಮೊದಲು ನಕಲು ಹೆಚ್ಚಿಸುವ ಹಂತ) ಹತ್ತಲೇ ಇಲ್ಲ, ಮಣ್ಣಿನ ಹ್ಯೂಮಿಕ್ ಆಮ್ಲ ಮತ್ತು ಇದ್ದಿಲಿನ ಕಾಟ. ಆದರೂ ದುಡ್ಡು ಪೂರ್ತಿ ಕೊಡಬೇಕು. ಬಂದ ಉಳಿದರ್ಧ ನಿರೀಕ್ಷೆಯಂತೆಯೇ ಇತ್ತು: ಬೀಜಕ ಮಾಡುವ ಫರ್ಮಿಕ್ಯೂಟ್ಸ್ ಗುಂಪಿನ ಬ್ಯಾಕ್ಟೀರಿಯಾ ಏರಿವೆ, ಬೂದಿಯಿಂದ ಪಿಎಚ್ ಒಂದೆರಡು ಅಂಕ ಮೇಲೆ ಹೋದ ಕಾರಣ ಹುಳಿ ಮಣ್ಣು ಮೆಚ್ಚುವ ಆಸಿಡೋಬ್ಯಾಕ್ಟೀರಿಯಾ ಇಳಿದಿವೆ. ಚೆನ್ನಾಗಿದೆ. ಆದರೆ ಅದೆಲ್ಲ ಶೇಕಡಾ ಲೆಕ್ಕ. ಒಟ್ಟು ಜೀವ ಹತ್ತರಲ್ಲಿ ಒಂದಕ್ಕೆ ಇಳಿದಿದ್ದರೂ ಶೇಕಡಾ ನೂರೇ ಇರುತ್ತದೆ ಅಲ್ವಾ. ಸತ್ತವುಗಳ ಡಿಎನ್‌ಎಯೂ ಮಣ್ಣಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಓದಿಗೆ ಸಿಗುತ್ತದೆ. ಡಿಎನ್‌ಎ ಬೇಡ ಅಂತಲ್ಲ. ಜೊತೆಗೆ ಜಾಡಿ ಇಲ್ಲದಿದ್ದರೆ ಅದು ಯಾರ್‍ಯಾರು ಇದ್ದಾರೆ ಅಂತ ಹೇಳುತ್ತದೆ, ಎಷ್ಟು ಜನ ಬದುಕಿದ್ದಾರೆ ಅಂತ ಹೇಳುವುದಿಲ್ಲ.

ಇಲ್ಲಿ ಒಂದು ಅಡ್ಡಕಥೆ. ಸುಟ್ಟ ಒಂದೆರಡು ವಾರಕ್ಕೆ ಕರಿ ಕೊಂಬೆಗಳ ಮೇಲೆ ಕಿತ್ತಳೆ ಬಣ್ಣದ ಬೂಷ್ಟು ಬಂತು, ನೋಡಲು ಚೆಂದ. ನ್ಯೂರೋಸ್ಪೋರಾ. ಇದರ ಒಂದು ಬಗೆಯ ಬೀಜಕಗಳು ಶಾಖ ತಾಗದೆ ಮೊಳೆಯುವುದೇ ಇಲ್ಲ, 60 ಡಿಗ್ರಿಗೆ ಅರ್ಧ ಗಂಟೆ ಕಾಯಿಸಿದರೆ ಏಳುತ್ತವೆ. ಅದನ್ನು ನೋಡೋಣ ಅಂತ ಸುಡದ ನೆಲದ ಮಣ್ಣು, ಮರದ ಸಿಪ್ಪೆ ತಂದು ಓವನ್‌ನಲ್ಲಿ ಇಟ್ಟೆ. ಬಂತು ನೋಡಿ! ಒಂದು ಪ್ಲೇಟಿನಿಂದ ಇನ್ನೊಂದಕ್ಕೆ, ಅಲ್ಲಿಂದ ಇನ್‌ಕ್ಯುಬೇಟರ್ ಒಳಗೆಲ್ಲ, ಕೊನೆಗೆ ಪಕ್ಕದ ಕೋಣೆಯವರ ಪ್ಲೇಟುಗಳಿಗೂ. ಅದರ ಪುಡಿ ಗಾಳಿಯಲ್ಲಿ ಹಾರುವ ವೇಗ ನೋಡಿದರೆ ನಂಬುವುದಿಲ್ಲ. ಆ ಕೋಣೆಯವರು ನನ್ನ ಜೊತೆ ಬಹಳ ಕಾಲ ಮಾತು ಬಿಟ್ಟಿದ್ದರು. ಹಬೆಗೆ ಸಿಕ್ಕ ಮಣ್ಣಿನ ಮೇಲೆ ಬರುವ ಪೈರೊನೀಮಾ ಅನ್ನುವ ಶಿಲೀಂಧ್ರ ಕೂಡ ನನ್ನ ರಾಶಿ ಸುಟ್ಟ ಜಾಗಗಳಲ್ಲಿ ಗುಲಾಬಿ-ಕಿತ್ತಳೆ ಚುಕ್ಕಿಗಳಾಗಿ ಕಂಡಿತು. ಈ ಎರಡನ್ನು ನೋಡಿ ಶಿಲೀಂಧ್ರಗಳು ಬೇಗ ವಾಪಸ್ ಬಂದವು ಅಂತ ಬರೆಯಬೇಡಿ. ಇವು ಬೆಂಕಿಗೆ ಕಾದು ಕೂತವು. ಎದುರಾಳಿಗಳು ಇಲ್ಲದಾಗ ತಿಂದು ಮುಗಿಸಿ ಹೋಗುತ್ತವೆ.

ನಿಜವಾಗಿ ತಡವಾಗುವುದು ಮೈಕೊರೈಝಾ, ಅಂದರೆ ಗಿಡದ ಬೇರಿಗೆ ಹೊಕ್ಕು ಜೊತೆಯಾಗಿ ಬದುಕುವ ಶಿಲೀಂಧ್ರ. ಬೀಜಕ ತೊಳೆದು ಜರಡಿಯಲ್ಲಿ ಎಣಿಸಿದೆ, ಸುಟ್ಟ ಮಣ್ಣಿನಲ್ಲೂ ಸಾಕಷ್ಟು ಇದ್ದವು. ಎಣಿಕೆ ನಂಬಿ ಕೂತಿದ್ದರೆ ಮೋಸ. ಬದುಕಿದ್ದೂ ಸತ್ತದ್ದೂ ಸೂಕ್ಷ್ಮದರ್ಶಕದಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ, ಮೇಲಿನ ಪದರದ ಎಳೆಗಳ ಬಲೆಯಂತೂ ಬೆಂಕಿಗೆ ಹೋಗಿಯೇ ಬಿಟ್ಟಿರುತ್ತದೆ. ಕುಂಡದಲ್ಲಿ ಪದರವಾರು ಮಣ್ಣು ಹಾಕಿ ಜೋಳ ಬಿತ್ತಿ, ಒಂದೂವರೆ ತಿಂಗಳ ಹೊತ್ತಿಗೆ ಬೇರು ಕಿತ್ತು, ಶಾಯಿ ಮತ್ತು ವಿನೆಗರ್‌ನಲ್ಲಿ ಬಣ್ಣ ಹಾಕಿ ನೋಡಿದೆ. ಟ್ರಿಪಾನ್ ಬ್ಲೂ ಬೇಡ, ಪೆನ್ನಿನ ಶಾಯಿ ಸಾಕು. ಸುಟ್ಟ ಮೇಲಿನ ಪದರದ ಬೇರುಗಳಲ್ಲಿ ಶಿಲೀಂಧ್ರ ಹೊಕ್ಕ ಭಾಗ ಸುಡದ ಮಣ್ಣಿನ ಮೂರನೇ ಒಂದು ಭಾಗ ಇರಬಹುದು. ಆದರೆ ಕಡಿದ ಮರದ ಬುಡದ ಸುತ್ತ, ಬೇರು ಇನ್ನೂ ಹಸಿರಾಗಿ ಚಿಗುರುತ್ತಿದ್ದ ಕಡೆಯ ಮಣ್ಣು ಸುಡದ ನೆಲಕ್ಕೆ ಸರಿಸಮ. ಬುಡ ಕಿತ್ತು ಹಾಕಿದ ಪ್ಲಾಟುಗಳಲ್ಲಿ ಈ ದ್ವೀಪಗಳೇ ಇರಲಿಲ್ಲ.

ಇದನ್ನು ನೋಡಿದ ಮೇಲೆ ಪ್ಲಾಟು ಹಾಕುವ ಕ್ರಮವನ್ನೇ ಬದಲಿಸಿದೆ. ಸುಟ್ಟದ್ದು, ಸುಡದ್ದು ಅಂತ ಎರಡೇ ಇದ್ದರೆ ಬೆಂಕಿ ಮಾಡಿದ್ದೇನು, ಗುದ್ದಲಿ ಮಾಡಿದ್ದೇನು ಅಂತ ಬೇರೆ ಮಾಡಲು ಬರುವುದಿಲ್ಲ. ಕಡಿದು ಬಿಟ್ಟದ್ದು, ಕಡಿದು ಸುಟ್ಟು ಹಾಗೇ ಬಿಟ್ಟದ್ದು, ಕಡಿದು ಸುಡದೆ ಬಿತ್ತಿದ್ದು, ಕಡಿದು ಸುಟ್ಟು ಬಿತ್ತಿದ್ದು, ಜೊತೆಗೆ ಮುಟ್ಟದೇ ಬಿಟ್ಟ ನೆಲ. ಹೆಚ್ಚಿನವರು ಸುಟ್ಟು ಬಿತ್ತದೇ ಬಿಡುವ ಪ್ಲಾಟು ಹಾಕುವುದಿಲ್ಲ, ಕೈಯಲ್ಲಿರುವ ನೆಲ ಸುಮ್ನೆ ಖಾಲಿ ಬಿಡಲು ಯಾರಿಗೂ ಮನಸ್ಸು ಬರುವುದಿಲ್ಲ. ನನ್ನ ಇಡೀ ಕೆಲಸದಲ್ಲಿ ಹೇಳಿಕೊಳ್ಳುವಂಥದ್ದು ಇದ್ದರೆ ಈ ಖಾಲಿ ಪ್ಲಾಟುಗಳೇ.

ನೆನಪಿನಿಂದ ಅಂಕಿ ಹೇಳುತ್ತೇನೆ, ಪುಸ್ತಕ ಮುಂದಿಲ್ಲ. ಸುಟ್ಟ ವಾರ 0–1 ಪದರದಲ್ಲಿ ಗ್ಲೂಕೋಸ್ ಲೆಕ್ಕದ ಜೀವ ಹತ್ತರಲ್ಲಿ ಒಂದೆರಡು ಪಾಲು ಉಳಿದಿತ್ತು. 1–3ರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. 3–6ರಿಂದ ಕೆಳಗೆ, ರಾಶಿ ಸುಟ್ಟ ಜಾಗ ಬಿಟ್ಟರೆ, ವ್ಯತ್ಯಾಸ ಕಾಣಲಿಲ್ಲ. ಮಳೆ ಬಿದ್ದು ಒಂದು ತಿಂಗಳೊಳಗೆ ಮೇಲಿನ ಪದರದ ಬ್ಯಾಕ್ಟೀರಿಯಾ ಸುಡದ ನೆಲವನ್ನು ಹಿಂದೆ ಹಾಕಿದವು. ಬೂದಿ ಹುಳಿ ತೆಗೆಯಿತು, ರಂಜಕ, ಪೊಟ್ಯಾಶ್ ಕೊಟ್ಟಿತು, ಸತ್ತವು ಸಾರಜನಕ ಕೊಟ್ಟವು. ಅಮೋನಿಯಂ ಮೊದಲು ಜಿಗಿಯಿತು, ಅದನ್ನು ನೈಟ್ರೇಟ್ ಮಾಡುವ ಜೀವಿಗಳು ತಡವಾಗಿ ಬಂದವು, ಅವು ಬರುವವರೆಗೆ ನೈಟ್ರೇಟ್ ಹತ್ತಲೇ ಇಲ್ಲ. ಶಿಲೀಂಧ್ರಗಳು ಮೊದಲ ಬೆಳೆ ಮುಗಿಯುವವರೆಗೂ ಹಿಂದೆಯೇ ಉಳಿದವು.

ಎರಡನೇ ವರ್ಷ ಮಾತ್ರ ಲೆಕ್ಕ ತಿರುಗಿತು. ಸುಟ್ಟು ಬಿತ್ತದೆ ಬಿಟ್ಟ ಪ್ಲಾಟು ಮುಟ್ಟದ ನೆಲದ ಹತ್ತಿರ ಹತ್ತಿರ ಬಂದಿತ್ತು, ಶಿಲೀಂಧ್ರ ಸಮೇತ. ಸುಟ್ಟು ಬಿತ್ತಿ, ಕಳೆ ಪೂರ್ತಿ ಕಿತ್ತು, ನೆಲ ಬೋಳಾಗಿದ್ದ ಪ್ಲಾಟು ಮೊದಲ ವರ್ಷಕ್ಕಿಂತ ಕೆಳಗೆ ಇಳಿದಿತ್ತು. ಸುಡದೆ ಬಿತ್ತಿದ ಪ್ಲಾಟು ಕೂಡ ಇಳಿದಿತ್ತು, ಆದರೆ ಇಳಿತ ಅದಕ್ಕಿಂತ ಸ್ವಲ್ಪ ಕಡಿಮೆ. ಬೆಂಕಿ ಒಂದು ದಿನದ ಪೆಟ್ಟು. ಬಿಸಿಲು, ಮಳೆಯ ಹೊಡೆತ, ಗುದ್ದಲಿ ಮತ್ತು ಮೇಲೆ ಬೀಳುವ ಎಲೆ ನಿಂತುಹೋಗುವುದು ಸೇರಿ ವರ್ಷವಿಡೀ ಹೊಡೆಯುತ್ತವೆ. ಪಾಳು ಬಿಡುವ ಅವಧಿ ಹದಿನೈದು ಇಪ್ಪತ್ತು ವರ್ಷ ಇದ್ದ ಕಡೆ ನಾಲ್ಕೈದಕ್ಕೆ ಇಳಿದಾಗ ಮಣ್ಣು ಸೋಲುವುದಕ್ಕೆ ನನ್ನ ಉತ್ತರ ಇದೇ: ಸಣ್ಣ ಗಿಡ, ಕಡಿಮೆ ಸೌದೆ, ಆದ್ದರಿಂದ ಬೆಂಕಿ ಮೊದಲಿಗಿಂತ ತಣ್ಣಗೇ ಇರುತ್ತದೆ. ಆದರೂ ಮಣ್ಣು ಕೆಡುತ್ತದೆ, ಏಕೆಂದರೆ ಶಿಲೀಂಧ್ರ ಮತ್ತು ಎಲೆಹಾಸು ಮರಳುವ ಮೊದಲೇ ಮತ್ತೆ ಗುದ್ದಲಿ ಬೀಳುತ್ತದೆ.

ಇದನ್ನು ಹೇಳಿದಾಗಲೂ ಅನುಮಾನ ಹೋಗಲಿಲ್ಲ. ಕೊನೆಗೆ ಅನುಮಾನಪಟ್ಟವರಲ್ಲೇ ಒಬ್ಬರು ಬರೀ ನಂಬರ್ ಬರೆದ ಚೀಲಗಳಲ್ಲಿ ಮಣ್ಣು ಕೊಟ್ಟರು, ಯಾವುದು ಸುಟ್ಟದ್ದು, ಯಾವ ಪದರ ಅಂತ ಹೇಳಿ ನೋಡೋಣ ಅಂದರು. ಇದ್ದಿಲು ಚೂರು ಕಣ್ಣಿಗೆ ಕಾಣದ ಹಾಗೆ ಆರಿಸಿ ತೆಗೆದಿದ್ದರು, ಕಿಲಾಡಿಗಳು. ಬೂದಿ ಬ್ಲಾಂಕ್ ಕಳೆದು, ಗ್ಲೂಕೋಸ್ ಲೆಕ್ಕ ಇಟ್ಟು ವಿಂಗಡಿಸಿ ಕೊಟ್ಟೆ. ಒಂದೆರಡು ಬಿಟ್ಟು ಎಲ್ಲ ಸರಿ ಇತ್ತು. ತಪ್ಪಿದವು ಮರದ ಬುಡದ ಪಕ್ಕ ತೆಗೆದವು ಅಂತ ಆಮೇಲೆ ಗೊತ್ತಾಯಿತು. ಅದು ನನ್ನ ಮಾತನ್ನೇ ಸಾಬೀತು ಮಾಡಿತು ಅಂತ ನಾನು, ತಪ್ಪು ತಪ್ಪೇ ಅಂತ ಅವರು. ಈಗ ಅವರ ಲ್ಯಾಬಿನಲ್ಲೂ ಜಾಡಿಗಳು ಬಂದಿವೆ.

ಸದ್ಯ ಬುಡಗಳ ನಡುವಿನ ಅಂತರದ ಮೇಲೆ ಕೆಲಸ ನಡೆಯುತ್ತಿದೆ. ಎಷ್ಟು ಹೆಜ್ಜೆಗೆ ಒಂದು ಜೀವಂತ ಬುಡ ಬಿಟ್ಟರೆ ಮೈಕೊರೈಝಾ ಎರಡನೇ ಬೆಳೆಯೊಳಗೆ ಮಧ್ಯದವರೆಗೆ ತಲುಪುತ್ತದೆ ಅಂತ. ಹತ್ತಿ ಬಟ್ಟೆಯ ಪಟ್ಟಿ ಹೂತು ಎಷ್ಟು ಕೊಳೆಯುತ್ತದೆ ಅಂತಲೂ ಪಕ್ಕದಲ್ಲಿ ನೋಡುತ್ತಿದ್ದೇನೆ. ಗೆದ್ದಲು ಬಟ್ಟೆಯನ್ನೇ ಪೂರ್ತಿ ತಿಂದುಬಿಟ್ಟು ಒಂದು ಸುತ್ತು ಹಾಳಾಯಿತು, ಈಗ ಸಣ್ಣ ಕಣ್ಣಿನ ನೈಲಾನ್ ಬಲೆಯ ಚೀಲದಲ್ಲಿ ಹೂಳುತ್ತೇನೆ. ಯಾರಾದರೂ ಇದೇ ಕೆಲಸ ಮಾಡುತ್ತಿದ್ದರೆ ಅಂಕಿ ಕಳಿಸಿ, ಹೋಲಿಸೋಣ. ಬೂದಿ ಬ್ಲಾಂಕ್ ಇಲ್ಲದ ಅಂಕಿ ಮಾತ್ರ ಕಳಿಸಬೇಡಿ, ನಾನು ತೆರೆದೂ ನೋಡುವುದಿಲ್ಲ.